ತಾಯಿ ಹುಟ್ಟಿದ ಊರು, ಮಗನ ಪಾಸ್‌ಪೋರ್ಟು

ನಮ್ಮ ಕರಾವಳಿಯ ಚರ್ಚ್ ಕಚೇರಿಗಳಿಗೆ ದೀಕ್ಷಾಸ್ನಾನದ ಪತ್ರ ಕೇಳಿಕೊಂಡು ಬರುವವರು ಹಿಂದೆ ಸಾಮಾನ್ಯವಾಗಿ ಎರಡೇ ಕಾರಣಕ್ಕೆ ಬರುತ್ತಿದ್ದರು. ಒಂದು ಮದುವೆ, ಇನ್ನೊಂದು ಮಕ್ಕಳ ಶಾಲೆ. ಗೋವಾದ ಗಡಿಗೆ ಹತ್ತಿರವಿರುವ ನಮ್ಮ ಊರುಗಳಲ್ಲಿ ಈಗ ಮೂರನೆಯ ಕಾರಣವೊಂದು ಸೇರಿಕೊಂಡಿದೆ. "ಫಾದರ್, ನಮ್ಮ ಅಮ್ಮ ಗೋವಾದವರು. ಅವರು ಹುಟ್ಟಿದ್ದು 1961ಕ್ಕಿಂತ ಮೊದಲು. ನಮಗೆ ಪೋರ್ಚುಗಲ್ ಪಾಸ್‌ಪೋರ್ಟ್ ಸಿಗುತ್ತದಂತೆ, ಹೌದಾ?" ಎಂಬುದು ಆ ಪ್ರಶ್ನೆ.

ಹೌದು, ಅನೇಕರಿಗೆ ಸಿಗುತ್ತದೆ. ಆದರೆ ಇದು ಅರ್ಧ ಉತ್ತರ ಮಾತ್ರ. ಸಿಕ್ಕ ಮೇಲೆ ಏನನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದು ಉಳಿದರ್ಧ. ಮೊದಲರ್ಧವನ್ನು ಹೇಳಲು ಏಜೆಂಟರಿದ್ದಾರೆ, ಸ್ವಿಂಡನ್‌ನಲ್ಲಿರುವ ನೆಂಟರಿದ್ದಾರೆ. ಉಳಿದರ್ಧವನ್ನು ಕೂತು ಹೇಳುವವರು ಕಡಿಮೆ. ಆದುದರಿಂದ ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಪ್ರಯತ್ನಿಸಿದ್ದೇವೆ.

ಈ ಹಕ್ಕು ಬಂದದ್ದು ಎಲ್ಲಿಂದ?

ಗೋವಾ, ದಮನ್ ಮತ್ತು ದಿಯು 1961ರ ಡಿಸೆಂಬರ್ 19ರಂದು ಭಾರತಕ್ಕೆ ಸೇರಿದವು. ಅಲ್ಲಿಯವರೆಗೆ ಆ ನೆಲದಲ್ಲಿ ಹುಟ್ಟಿದವರನ್ನು ಪೋರ್ಚುಗಲ್ ತನ್ನ ಪ್ರಜೆಗಳೆಂದೇ ಪರಿಗಣಿಸಿತ್ತು. ವಿಮೋಚನೆಯ ನಂತರ ಭಾರತ ಸರ್ಕಾರ 1962ರ ಮಾರ್ಚ್ 28ರಂದು ಗೋವಾ, ದಮನ್ ಮತ್ತು ದಿಯು ಪೌರತ್ವ ಆದೇಶವನ್ನು ಹೊರಡಿಸಿತು. ತಾವಾಗಲಿ, ತಂದೆತಾಯಿಯಾಗಲಿ, ಅಜ್ಜ ಅಜ್ಜಿಯಾಗಲಿ ಆ ಪ್ರದೇಶದಲ್ಲಿ 1961ರ ಡಿಸೆಂಬರ್ 20ಕ್ಕೆ ಮೊದಲು ಹುಟ್ಟಿದ್ದರೆ ಅವರೆಲ್ಲರೂ ಭಾರತದ ಪೌರರು ಎಂದು ಆ ಆದೇಶ ಸಾರಿತು. ಬೇಡವೆನ್ನುವವರಿಗೆ ಒಂದು ತಿಂಗಳ ಕಾಲಾವಕಾಶವಿತ್ತು. ಅಷ್ಟರೊಳಗೆ ಹಳೆಯ ಪೌರತ್ವವನ್ನೇ ಉಳಿಸಿಕೊಳ್ಳುತ್ತೇವೆಂದು ಅವರು ಲಿಖಿತವಾಗಿ ತಿಳಿಸಬೇಕಿತ್ತು.

ಪೋರ್ಚುಗಲ್ ಆಗ ಈ ವಿಮೋಚನೆಯನ್ನು ಒಪ್ಪಲೇ ಇಲ್ಲ. ಅಲ್ಲಿ 1974ರಲ್ಲಿ ಸರ್ವಾಧಿಕಾರ ಕೊನೆಗೊಂಡ ಮೇಲೆ, ಅದೇ ವರ್ಷದ ಡಿಸೆಂಬರ್ 31ರಂದು ನವದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ನೆಲ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿತು. ಆದರೆ ಆ ನೆಲದಲ್ಲಿ ಹುಟ್ಟಿದವರ ಪೋರ್ಚುಗೀಸ್ ಪೌರತ್ವ ಅದರಿಂದ ಅಳಿಸಿಹೋಯಿತೆಂದು ತನ್ನ ಕಾನೂನಿನಲ್ಲಿ ಬರೆಯಲಿಲ್ಲ. 1981ರ ಪೋರ್ಚುಗೀಸ್ ಪೌರತ್ವ ಕಾಯ್ದೆಯ ಪ್ರಕಾರ ಪೋರ್ಚುಗೀಸ್ ತಂದೆಗೆ ಅಥವಾ ತಾಯಿಗೆ ಹೊರದೇಶದಲ್ಲಿ ಹುಟ್ಟಿದ ಮಗು ತನ್ನ ಜನನವನ್ನು ಅಲ್ಲಿ ದಾಖಲಿಸಿದರೆ ಹುಟ್ಟಿನಿಂದಲೇ ಪೋರ್ಚುಗೀಸ್ ಪ್ರಜೆಯಾಗುತ್ತದೆ. ಈ ಎರಡು ಎಳೆಗಳನ್ನು ಸೇರಿಸಿದರೆ ನಮ್ಮ ಪ್ರಶ್ನೆಯ ಮೂಲ ಸಿಗುತ್ತದೆ. ಗೋವಾದಲ್ಲಿ 1961ರ ಡಿಸೆಂಬರ್ 19ಕ್ಕೆ ಮೊದಲು ಹುಟ್ಟಿದ ತಾಯಿಯ ಜನನ ಲಿಸ್ಬನ್‌ನ ಕೇಂದ್ರ ನೋಂದಣಿ ಕಚೇರಿಯಲ್ಲಿ ದಾಖಲಾದರೆ ಮಗನ ದಾರಿ ತೆರೆಯುತ್ತದೆ. ಮಗನದು ದಾಖಲಾದರೆ ಮೊಮ್ಮಗಳ ದಾರಿ ತೆರೆಯುತ್ತದೆ.

ತೊಂಡೇಬಾವಿಯಲ್ಲಿ ಹುಟ್ಟಿದ ಮಗ

ವಿಷಯ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಇದು ಯಾರ ಮನೆಯ ಕತೆಯೂ ಅಲ್ಲ, ನಾವೇ ಕಟ್ಟಿಕೊಂಡ ಉದಾಹರಣೆ. ತಂದೆ ಕಾರವಾರದವರು, ರೈಲ್ವೆಯಲ್ಲಿ ನೌಕರಿ. ತಾಯಿ 1955ರಲ್ಲಿ ಗೋವಾದ ಕಾಣಕೋಣ ತಾಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದವರು. ಮಾಜಾಳಿಯ ಗಡಿ ದಾಟಿ ಹೆಣ್ಣು ಕೊಟ್ಟು ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಮದುವೆಯಾದ ಮೇಲೆ ತಂದೆಗೆ ಗೌರಿಬಿದನೂರು ತಾಲೂಕಿನ ತೊಂಡೇಬಾವಿ ಸ್ಟೇಷನ್ನಿಗೆ ವರ್ಗವಾಯಿತು. ಮಗ 1984ರಲ್ಲಿ ಅಲ್ಲಿಯೇ ಹುಟ್ಟಿದ, ಮಗಳು 1990ರಲ್ಲಿ. ಈಗ ತಂದೆ ಇಲ್ಲ. ತಾಯಿ ಕಾರವಾರದ ಮನೆಗೆ ಹಿಂತಿರುಗಿ ಕುಟುಂಬ ಪಿಂಚಣಿಯಲ್ಲಿ ಬದುಕುತ್ತಿದ್ದಾರೆ. ಮಗ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಸಮುದ್ರವನ್ನೇ ಕಾಣದ ಬಯಲುಸೀಮೆಯ ಊರಿನಲ್ಲಿ ಹುಟ್ಟಿದವನಿಗೆ ಪೋರ್ಚುಗಲ್ಲಿನ ಹಕ್ಕೆಲ್ಲಿಂದ ಎಂದು ಯಾರಾದರೂ ಕೇಳಬಹುದು. ಪೋರ್ಚುಗಲ್ಲಿನ ಕಾನೂನು ನೋಡುವುದು ಅವನ ತೊಂಡೇಬಾವಿಯನ್ನಲ್ಲ, ಅವನ ತಾಯಿಯ ಕಾಣಕೋಣವನ್ನು.

ಆ ಮಗ ಅರ್ಜಿ ಹಾಕಬೇಕಾದರೆ ಏನೇನು ಬೇಕು? ಮೊದಲು ತಾಯಿಯ ಜನನ ದಾಖಲೆ ಗೋವಾದ ಸಿವಿಲ್ ನೋಂದಣಿ ಕಚೇರಿಯಿಂದ ಬರಬೇಕು. ಅದು ಲಿಸ್ಬನ್‌ನಲ್ಲಿ ದಾಖಲಾಗಬೇಕು. ಆಮೇಲೆ ತಂದೆತಾಯಿಯ ಮದುವೆ ದಾಖಲಾಗಬೇಕು. ಅದಾದ ನಂತರ ಗೌರಿಬಿದನೂರು ತಾಲೂಕಿನಲ್ಲಿ ನೋಂದಣಿಯಾದ ಮಗನ ಜನನ ಪ್ರಮಾಣಪತ್ರ ದೃಢೀಕರಣ ಮತ್ತು ಭಾಷಾಂತರದೊಂದಿಗೆ ಹೋಗಬೇಕು. ಈ ಸರಪಳಿಯ ಒಂದು ಕೊಂಡಿ ಬಿಟ್ಟುಹೋದರೂ ಮುಂದಿನದು ನಿಲ್ಲುವುದಿಲ್ಲ.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಪಾಸ್‌ಪೋರ್ಟ್ ಬೇಕಾದದ್ದು ಮಗನಿಗೆ, ಆದರೆ ಮೊದಲ ಅರ್ಜಿ ತಾಯಿಯ ಹೆಸರಿನಲ್ಲಿ. ಎಲ್ಲಿಗೂ ಹೋಗುವ ಆಸೆಯಿಲ್ಲದ, ಪ್ರತಿ ಚುನಾವಣೆಯಲ್ಲಿ ಮತ ಹಾಕುವ ವಯಸ್ಸಾದ ತಾಯಿಯ ಹೆಸರು ಇನ್ನೊಂದು ದೇಶದ ಪುಸ್ತಕದಲ್ಲಿ ಮೊದಲು ಬರೆಯಲ್ಪಡುತ್ತದೆ. ಮಗ ತಂದುಕೊಟ್ಟ ಕಾಗದಕ್ಕೆ ತಾಯಿ ಏನೆಂದು ಕೇಳದೆ ಸಹಿ ಹಾಕುತ್ತಾಳೆ. ಈ ಸಹಿಯ ಅರ್ಥವೇನು ಎಂಬುದನ್ನು ಮುಂದೆ ನೋಡಲಿದ್ದೇವೆ.

ಎಲ್ಲ ಕೊಂಕಣಿ ಕಥೋಲಿಕರಿಗೂ ಇದು ಅನ್ವಯಿಸುವುದಿಲ್ಲ

ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕಥೋಲಿಕ ಕುಟುಂಬಗಳಲ್ಲಿ ಹೆಚ್ಚಿನವರ ಪೂರ್ವಜರು ಗೋವಾದಿಂದಲೇ ಬಂದವರು. ಆದರೆ ಅವರು ಬಂದದ್ದು ಹದಿನಾರರಿಂದ ಹದಿನೆಂಟನೆಯ ಶತಮಾನಗಳ ಅವಧಿಯಲ್ಲಿ. ಅವರ ಅಜ್ಜ ಅಜ್ಜಿಯರು ಹುಟ್ಟಿದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. ಡಿಸೋಜ, ಪಿಂಟೊ, ಲೋಬೊ ಎಂಬ ಮನೆಹೆಸರು ಇದ್ದಮಾತ್ರಕ್ಕೆ ಲಿಸ್ಬನ್‌ನಲ್ಲಿ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಕೇಳುವುದು ಮನೆಹೆಸರನ್ನಲ್ಲ, ತಂದೆ ಅಥವಾ ತಾಯಿ ಹುಟ್ಟಿದ ಸ್ಥಳ ಮತ್ತು ದಿನಾಂಕವನ್ನು.

ಕಾರವಾರದ ಕಡೆ ಇನ್ನೊಂದು ಗೊಂದಲವಿದೆ. ಕಾರವಾರದ ಸುತ್ತಿನ ಚರ್ಚುಗಳು 1953ರವರೆಗೆ ಗೋವಾ ಮಹಾಧರ್ಮಪ್ರಾಂತ್ಯದ ಆಡಳಿತದಲ್ಲಿದ್ದವು. ಆ ವರ್ಷ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾಯಿತು, 1976ರಲ್ಲಿ ಕಾರವಾರ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಹೀಗಾಗಿ ಹಳೆಯ ದೀಕ್ಷಾಸ್ನಾನ ಪುಸ್ತಕಗಳಲ್ಲಿ ಗೋವಾ ಮಹಾಧರ್ಮಪ್ರಾಂತ್ಯ ಎಂಬ ಹೆಸರನ್ನು ಕಂಡು "ನಮ್ಮ ಅಜ್ಜನೂ ಗೋವಾದ ಲೆಕ್ಕಕ್ಕೆ ಬರುತ್ತಾರೆ" ಎಂದುಕೊಳ್ಳುವವರಿದ್ದಾರೆ. ಇದು ತಪ್ಪು. ಚರ್ಚಿನ ಗಡಿ ಬೇರೆ, ರಾಜ್ಯದ ಗಡಿ ಬೇರೆ. ಚರ್ಚಿನ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದ ಕಾರವಾರ, ಸರ್ಕಾರದ ಲೆಕ್ಕದಲ್ಲಿ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆಯಲ್ಲಿತ್ತು. ಇದಕ್ಕೆ ಕಣ್ಣಿಗೆ ಕಾಣುವ ಉದಾಹರಣೆ ಅಂಜದೀವ್ ದ್ವೀಪ. ಬಿಣಗಾದ ದಡದಿಂದ ನೋಡಿದರೆ ಎದುರಿಗೇ ಇರುವ ಆ ದ್ವೀಪ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ಇಂದಿಗೂ ಗೋವಾಕ್ಕೆ ಸೇರಿದೆ. ಅಲ್ಲಿ ಹುಟ್ಟಿದವರು ಅಂದು ಪೋರ್ಚುಗೀಸ್ ಪ್ರಜೆಗಳು, ಈ ದಡದಲ್ಲಿ ಹುಟ್ಟಿದವರು ಅಲ್ಲ. ನಡುವೆ ಇದ್ದದ್ದು ದೋಣಿಯಲ್ಲಿ ದಾಟುವಷ್ಟು ನೀರು.

ಭಾರತದ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಇಬ್ಬಗೆಯ ಪೌರತ್ವವಿಲ್ಲ. ಸಂವಿಧಾನದ 9ನೆಯ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೆಯ ಪ್ರಕರಣದ ಪ್ರಕಾರ, ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದವರು ಆ ಕ್ಷಣದಿಂದಲೇ ಭಾರತದ ಪೌರರಾಗಿ ಉಳಿಯುವುದಿಲ್ಲ. ಅದಕ್ಕೆ ಅವರು ಅರ್ಜಿ ಹಾಕಬೇಕಾಗಿಲ್ಲ, ಸರ್ಕಾರ ನೋಟಿಸು ಕೊಡಬೇಕಾಗಿಲ್ಲ. ಇನ್ನೊಂದು ದೇಶದ ಪಾಸ್‌ಪೋರ್ಟ್ ಪಡೆದಿರುವುದೇ ಪೌರತ್ವ ಪಡೆದುದಕ್ಕೆ ಅಂತಿಮ ಸಾಕ್ಷಿ ಎಂದು ಪೌರತ್ವ ನಿಯಮಗಳು ಹೇಳುತ್ತವೆ. ಪೌರತ್ವ ಹೋಯಿತೇ ಇಲ್ಲವೇ ಎಂಬ ತಕರಾರು ಬಂದರೆ ತೀರ್ಮಾನಿಸುವ ಅಧಿಕಾರ ಕೇಂದ್ರ ಸರ್ಕಾರದ್ದು.

ಇಲ್ಲಿಯೇ ಎರಡು ದೇಶಗಳ ಲೆಕ್ಕ ಬೇರೆಯಾಗುತ್ತದೆ. ಪೋರ್ಚುಗಲ್ ಹೇಳುವುದು: "ನೀವು ಹುಟ್ಟಿನಿಂದಲೇ ನಮ್ಮವರು, ನಾವು ಹೊಸದಾಗಿ ಏನನ್ನೂ ಕೊಡುತ್ತಿಲ್ಲ, ಇದ್ದದ್ದನ್ನು ಗುರುತಿಸುತ್ತಿದ್ದೇವೆ." ಭಾರತ ಹೇಳುವುದು: "1962ರ ಆದೇಶದಿಂದ ನೀವು ಭಾರತದ ಪೌರರು. ಇಂದು ನೀವಾಗಿಯೇ ಹೋಗಿ ಅರ್ಜಿ ಹಾಕಿದಿರಿ, ಆದುದರಿಂದ ಹೊಸದನ್ನು ಪಡೆದಿರಿ." ಪಾಸ್‌ಪೋರ್ಟ್ ಪಡೆದವರ ವಿಷಯದಲ್ಲಿ ಗೊಂದಲವಿಲ್ಲ, ಅವರು ಭಾರತದ ಪೌರರಲ್ಲ. ಆದರೆ ಲಿಸ್ಬನ್‌ನಲ್ಲಿ ಜನನ ನೋಂದಣಿಯಷ್ಟೇ ಮಾಡಿಸಿ ಸುಮ್ಮನಿರುವವರ ಕತೆಯೇನು? ಈ ವಿವಾದ ಗೋವಾದಲ್ಲಿ ವರ್ಷಗಟ್ಟಲೆ ನಡೆದಿದೆ. ಶಾಸಕರ ಸ್ಥಾನವೇ ಪ್ರಶ್ನೆಗೊಳಗಾದದ್ದೂ ಉಂಟು. ನಮ್ಮ ಉದಾಹರಣೆಯ ತಾಯಿ ನಿಲ್ಲುವುದು ಸರಿಯಾಗಿ ಈ ಸಂಶಯದ ಜಾಗದಲ್ಲಿ. ಮಗನ ಅರ್ಜಿಗಾಗಿ ಆಕೆ ಹಾಕಿದ ಸಹಿ ನಾಳೆ ಆಕೆಯ ಮತದ ಹಕ್ಕಿನ ಬಗ್ಗೆ ಪ್ರಶ್ನೆ ಎಬ್ಬಿಸಬಹುದು.

ಈ ಸಂಶಯ ಬರಿಯ ಮಾತಿನಲ್ಲಿ ಉಳಿಯಲಿಲ್ಲ. 2022ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯದ ಸೂಚನೆಯ ನಂತರ, ಪೋರ್ಚುಗೀಸ್ ಪೌರತ್ವ ಪಡೆದು ಭಾರತದ ಪಾಸ್‌ಪೋರ್ಟ್ ಒಪ್ಪಿಸಲು ಹೋದ ಗೋವಾದವರಿಗೆ ಒಪ್ಪಿಸಿದ ಪ್ರಮಾಣಪತ್ರದ ಬದಲು ಪಾಸ್‌ಪೋರ್ಟ್ ರದ್ದತಿ ಆದೇಶ ಬರತೊಡಗಿತು. ಮಾಹಿತಿ ಮುಚ್ಚಿಟ್ಟದ್ದು ಅದಕ್ಕೆ ಕೊಟ್ಟ ಕಾರಣ. ಒಪ್ಪಿಸಿದ ಪ್ರಮಾಣಪತ್ರವಿಲ್ಲದೆ ಸಾಗರೋತ್ತರ ಭಾರತೀಯ ಕಾರ್ಡಿಗೆ ಅರ್ಜಿ ಹಾಕುವಂತಿರಲಿಲ್ಲ. ಹೀಗೆ ಅನೇಕರು ತಮ್ಮದೇ ಮನೆಯಲ್ಲಿ ಯಾವ ಕಾರ್ಡೂ ಇಲ್ಲದ ಪರದೇಶಿಗಳಾದರು. ಕೊನೆಗೆ 2024ರ ಏಪ್ರಿಲ್‌ನಲ್ಲಿ ರದ್ದತಿ ಪತ್ರವನ್ನೂ ಬದಲಿ ದಾಖಲೆಯಾಗಿ ಒಪ್ಪುವುದಾಗಿ ಕೇಂದ್ರ ತಿಳಿಸಿದ ಮೇಲೆ ಗೋವಾದ ಮನೆಗಳು ನಿಟ್ಟುಸಿರು ಬಿಟ್ಟವು. ನಡುವಿನ ಆ ಅವಧಿಯ ಪಾಡು ನಮಗೆ ಪಾಠವಾಗಬೇಕು.

ಒಬ್ಬ ಧರ್ಮಗುರುವಿನ ಮೊಕದ್ದಮೆ

ಈ ಪ್ರಶ್ನೆ ಚರ್ಚಿನ ಒಳಗೂ ಹಿಂದೊಮ್ಮೆ ಬಂದಿತ್ತು ಎಂಬುದು ಇಂದು ಅನೇಕರಿಗೆ ತಿಳಿದಿಲ್ಲ. ಗೋವಾದ ಧರ್ಮಗುರು ಮೊನ್ಸಿಂಜೊರ್ ಸೆಬಾಸ್ತಿಯಾಂವ್ ಮೊಂತೇರೊ ಅವರು 1962ರ ಆದೇಶ ಕೊಟ್ಟ ಒಂದು ತಿಂಗಳೊಳಗೆ ಪೋರ್ಚುಗೀಸ್ ಪೌರತ್ವವನ್ನೇ ಉಳಿಸಿಕೊಳ್ಳುವೆನೆಂದು ಬರೆದುಕೊಟ್ಟರು. ವಿದೇಶಿಯೆಂದು ನೋಂದಣಿಯಾಗಿ 1964ರ ನವೆಂಬರ್‌ವರೆಗೆ ಇರಲು ತಾತ್ಕಾಲಿಕ ಪರವಾನಗಿ ಪಡೆದರು. ಅವಧಿ ಮುಗಿದ ಮೇಲೆ ವಿಸ್ತರಣೆ ಕೇಳಲಿಲ್ಲ, ದೇಶ ಬಿಡುವಂತೆ ಬಂದ ಆದೇಶವನ್ನೂ ಪಾಲಿಸಲಿಲ್ಲ. ಗೋವಾ ಆಕ್ರಮಿತ ಪ್ರದೇಶ, ಜಿನೀವಾ ಒಪ್ಪಂದಗಳ ಪ್ರಕಾರ ತನ್ನನ್ನು ಹೊರಹಾಕುವಂತಿಲ್ಲ ಎಂಬುದು ಅವರ ವಾದ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1969ರ ಮಾರ್ಚ್ 26ರಂದು ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಬರೆದ ತೀರ್ಪಿನಲ್ಲಿ ಆ ವಾದವನ್ನು ಒಪ್ಪಲಿಲ್ಲ. ಗೋವಾ ಭಾರತದ ಭಾಗವಾದ ಮೇಲೆ ಆಕ್ರಮಣದ ಮಾತು ಉಳಿಯುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಮೂವತ್ತು ದಿನಗಳ ಸಾದಾ ಶಿಕ್ಷೆ ಮತ್ತು 50 ರೂಪಾಯಿ ದಂಡ ಉಳಿಯಿತು.

ಅವರ ನಿಲುವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಒಂದನ್ನು ಮಾತ್ರ ಹೇಳಬಹುದು. ಅವರು ತನ್ನ ಆಯ್ಕೆಯನ್ನು ಬಹಿರಂಗವಾಗಿ ಬರೆದುಕೊಟ್ಟು ಅದರ ಬೆಲೆಯನ್ನೂ ತೆತ್ತರು. ಇಂದು ಆಯ್ಕೆ ಮಾಡುವವರಲ್ಲಿ ಕೆಲವರು ಎರಡೂ ಪಾಸ್‌ಪೋರ್ಟುಗಳನ್ನು ಕಪಾಟಿನಲ್ಲಿಟ್ಟುಕೊಂಡು, ಮತದಾರರ ಪಟ್ಟಿಯಲ್ಲಿ ಹೆಸರನ್ನೂ ಉಳಿಸಿಕೊಂಡು ಇರಬಹುದೆಂದು ಭಾವಿಸುತ್ತಾರೆ. ಇದು ಅಪರಾಧ. ವಿದೇಶಿ ಪೌರತ್ವ ಪಡೆದ ಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಲೇಬೇಕು.

ಸಾಗರೋತ್ತರ ಕಾರ್ಡು ಪೌರತ್ವವಲ್ಲ

"ಚಿಂತೆಯಿಲ್ಲ, ಒಸಿಐ ಕಾರ್ಡ್ ಮಾಡಿಸಿದರಾಯಿತು" ಎಂಬ ಮಾತು ಸಾಮಾನ್ಯ. 2006ರಿಂದ ಜಾರಿಯಲ್ಲಿರುವ ಈ ಕಾರ್ಡಿನ ಹೆಸರಿನಲ್ಲಿ ಪೌರತ್ವ ಎಂಬ ಶಬ್ದವಿದ್ದರೂ ಕಾನೂನಿನಲ್ಲಿ ಅದು ಪೌರತ್ವವಲ್ಲ. ಆಜೀವ ವೀಸಾ ಸಿಗುತ್ತದೆ, ಊರಿಗೆ ಬಂದು ಎಷ್ಟು ದಿನ ಬೇಕಾದರೂ ಇರಬಹುದು, ಮನೆ ಫ್ಲ್ಯಾಟು ಕೊಳ್ಳಬಹುದು. ಆದರೆ ಮತದಾನವಿಲ್ಲ. ಪಂಚಾಯತಿಯಿಂದ ಹಿಡಿದು ಸಂಸತ್ತಿನವರೆಗೆ ಯಾವ ಚುನಾವಣೆಗೂ ನಿಲ್ಲುವಂತಿಲ್ಲ. ಸಾಮಾನ್ಯವಾಗಿ ಸರ್ಕಾರಿ ಕೆಲಸ ಇಲ್ಲ. ಕೃಷಿ ಜಮೀನು, ತೋಟ ಖರೀದಿಸುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಉಳಿಸಿಕೊಳ್ಳಬಹುದು.

2021ರ ಮಾರ್ಚ್ 4ರ ಅಧಿಸೂಚನೆ ಇನ್ನೆರಡು ಮುಖ್ಯ ಮಿತಿಗಳನ್ನು ಹಾಕಿದೆ. ಮೊದಲನೆಯದು ಮಕ್ಕಳ ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ್ದು. ಈ ಕಾರ್ಡಿನ ಮಕ್ಕಳು ನೀಟ್ ಮೊದಲಾದ ಪರೀಕ್ಷೆಗಳನ್ನು ಬರೆಯಬಹುದಾದರೂ ಅನಿವಾಸಿ ಭಾರತೀಯರ ಸೀಟುಗಳಿಗೆ ಮಾತ್ರ ಅರ್ಹರು, ಭಾರತೀಯ ಪೌರರಿಗೆಂದೇ ಇರುವ ಸೀಟುಗಳಿಗೆ ಅಲ್ಲ. ಅಧಿಸೂಚನೆಗೆ ಮೊದಲೇ ಕಾರ್ಡ್ ಪಡೆದಿದ್ದವರಿಗೆ ಇದು ಅನ್ವಯಿಸದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ಮುಂದೆ ಕಾರ್ಡ್ ಮಾಡಿಸುವವರಿಗೆ ಆ ರಕ್ಷಣೆಯಿಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳನ್ನು ಡಾಕ್ಟರು ಮಾಡುವ ಆಸೆಯಿರುವ ಮನೆಯವರು ಆ ಮಗುವಿಗೂ ಪಾಸ್‌ಪೋರ್ಟ್ ಮಾಡಿಸುವ ಮುನ್ನ ಈ ಸಾಲನ್ನು ಎರಡು ಸಲ ಓದಬೇಕು.

ಎರಡನೆಯ ಮಿತಿ ನೇರವಾಗಿ ಚರ್ಚಿನ ಕಾರ್ಯಕರ್ತರಿಗೆ ತಟ್ಟುತ್ತದೆ. ಧರ್ಮಪ್ರಚಾರದ ಕೆಲಸ, ಪತ್ರಿಕಾ ಕೆಲಸ, ಸಂಶೋಧನೆ ಮೊದಲಾದವುಗಳಿಗೆ ಈ ಕಾರ್ಡ್ ಇರುವವರು ವಿಶೇಷ ಅನುಮತಿ ಪಡೆಯಬೇಕು. ಧರ್ಮೋಪದೇಶಕರಾಗಿ ಸೇವೆ ಮಾಡುವವರು, ಧ್ಯಾನಕೂಟಗಳಲ್ಲಿ ಬೋಧಿಸುವವರು, ಗುರುಮಠಕ್ಕೆ ಅಥವಾ ಕನ್ಯಾಮಠಕ್ಕೆ ಸೇರಲಿಚ್ಛಿಸುವ ಯುವಜನರು, ಅವರ ಹೆತ್ತವರು ಇದನ್ನು ತಿಳಿದಿರಬೇಕು. ನಿನ್ನೆಯವರೆಗೆ ಯಾರ ಅಪ್ಪಣೆಯೂ ಬೇಡದೆ ಮಾಡುತ್ತಿದ್ದ ಸೇವೆಗೆ ನಾಳೆ ಅರ್ಜಿ ಹಾಕಬೇಕಾಗಬಹುದು.

ಈ ಕಾರ್ಡಿನ ಅತ್ಯಂತ ಪ್ರಸಿದ್ಧ ಧಾರಕರಲ್ಲಿ ಒಬ್ಬರು ಪೋರ್ಚುಗಲ್ಲಿನವರೇ. ಅಂತೋನಿಯೊ ಕೋಸ್ತಾ ಅವರ ತಂದೆ, ಲೇಖಕ ಒರ್ಲಾಂದು ದ ಕೋಸ್ತಾ, ಮಡಗಾಂವ್‌ನ ಮನೆತನದವರು. ಕೋಸ್ತಾ 2015ರಿಂದ 2024ರವರೆಗೆ ಪೋರ್ಚುಗಲ್ಲಿನ ಪ್ರಧಾನಿಯಾಗಿದ್ದು, 2024ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಮಂಡಳಿಯ ಅಧ್ಯಕ್ಷರಾದರು. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸಕ್ಕೆ ಅವರೇ ಮುಖ್ಯ ಅತಿಥಿ. ಅದೇ ವರ್ಷದ ಜೂನ್‌ನಲ್ಲಿ ಲಿಸ್ಬನ್‌ನಲ್ಲಿ ಪ್ರಧಾನಿ ಮೋದಿಯವರು ಅವರಿಗೆ ಈ ಕಾರ್ಡನ್ನು ನೀಡಿದರು. ತಂದೆಯ ಮನೆತನದ ಊರಿನ ನೆನಪಾಗಿ ಅದನ್ನು ಪಡೆದವರಿಗೆ ಅದು ಗೌರವ. ಇಲ್ಲಿಯೇ ಹುಟ್ಟಿ ಇಲ್ಲಿಯೇ ಬಾಳಬೇಕಾದವರಿಗೆ ಅದು ಪೌರತ್ವದ ಬದಲಿಗೆ ಸಿಗುವ ಕಡಿಮೆ ಹಕ್ಕು. ಕಾರ್ಡು ಒಂದೇ, ಅರ್ಥ ಬೇರೆ.

ಮರಳಿ ಬರುವ ದಾರಿ

ಹೋದವರು ಮರಳಿ ಭಾರತದ ಪೌರರಾಗಬಹುದೇ? ಕಾಯ್ದೆಯ 5ನೆಯ ಪ್ರಕರಣದಲ್ಲಿ ದಾರಿಗಳಿವೆ. ತಾನು ಅಥವಾ ತಂದೆತಾಯಿಯಲ್ಲಿ ಒಬ್ಬರು ಹಿಂದೆ ಸ್ವತಂತ್ರ ಭಾರತದ ಪೌರರಾಗಿದ್ದು, ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಭಾರತದಲ್ಲೇ ವಾಸವಿದ್ದವರು ಅರ್ಜಿ ಹಾಕಬಹುದು. ಸಾಗರೋತ್ತರ ಕಾರ್ಡ್ ಪಡೆದು ಐದು ವರ್ಷವಾಗಿ, ಹನ್ನೆರಡು ತಿಂಗಳು ಇಲ್ಲಿ ವಾಸವಿದ್ದವರೂ ಹಾಕಬಹುದು. ಎರಡರಲ್ಲಿಯೂ ವಿದೇಶಿ ಪೌರತ್ವ ಬಿಡಬೇಕು, ಒಪ್ಪುವುದು ಬಿಡುವುದು ಸರ್ಕಾರದ ವಿವೇಚನೆ.

ಅಜ್ಜ ಅಜ್ಜಿ ಭಾರತದಲ್ಲಿ ಹುಟ್ಟಿದವರು ಎಂಬ ಒಂದೇ ಮಾತಿನ ಮೇಲೆ ಮೊಮ್ಮಕ್ಕಳಿಗೆ ಪೌರತ್ವ ಸಿಗುವುದಿಲ್ಲ. 2024ರ ಅಕ್ಟೋಬರ್ 18ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಆ ಪ್ರಕರಣದ ಯುವಕ ತಾಯಿಯ ಗರ್ಭದಲ್ಲಿದ್ದಾಗಲೇ ತಂದೆತಾಯಿ ಸಿಂಗಾಪುರದ ಪೌರತ್ವ ಪಡೆದಿದ್ದರು. ಅವನು 1999ರಲ್ಲಿ ಅಲ್ಲಿ ಹುಟ್ಟಿ, ದೊಡ್ಡವನಾದ ಮೇಲೆ ಭಾರತದ ಪೌರತ್ವ ಮರಳಿ ಬೇಕೆಂದು ಕೇಳಿದ. ತಂದೆತಾಯಿ ತಾವಾಗಿ ಅರ್ಜಿ ಕೊಟ್ಟು ಪೌರತ್ವ ತ್ಯಜಿಸಿದ್ದರೆ ಮಾತ್ರ ಮಕ್ಕಳಿಗೆ ಮರಳಿ ಪಡೆಯುವ ಆ ಹಕ್ಕು ಇರುತ್ತದೆ, ವಿದೇಶಿ ಪೌರತ್ವ ಪಡೆದು ತಾನಾಗಿ ಕಳೆದುಕೊಂಡಿದ್ದರೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಕಾಣಕೋಣದ ಅಜ್ಜಿ ಪೋರ್ಚುಗಲ್ಲಿಗೆ ದಾರಿಯಾಗುತ್ತಾಳೆ. ನಾಳೆ ಡಬ್ಲಿನ್ನಿನಲ್ಲೋ ಲಿಸ್ಬನ್ನಿನಲ್ಲೋ ಹುಟ್ಟುವ ಮರಿಮಗನಿಗೆ ತೊಂಡೇಬಾವಿಯ ಅಜ್ಜ ಭಾರತಕ್ಕೆ ಅಷ್ಟು ಸುಲಭದ ದಾರಿಯಾಗಲಾರ.

ಮರಳಿ ಬಂದವರ ಉದಾಹರಣೆ ಇಲ್ಲದಿಲ್ಲ. ವಿಮೋಚನೆಗೆ ಮೊದಲೇ ಕರಾಚಿಗೆ ಹೋಗಿ ಪಾಕಿಸ್ತಾನದ ಪೌರರಾಗಿದ್ದ ಗೋವಾ ಮೂಲದ 78 ವರ್ಷದ ಕಥೋಲಿಕ ಹಿರಿಯರೊಬ್ಬರಿಗೆ 2024ರ ಆಗಸ್ಟ್‌ನಲ್ಲಿ 2019ರ ತಿದ್ದುಪಡಿ ಕಾಯ್ದೆಯಡಿ ಭಾರತದ ಪೌರತ್ವ ದೊರೆಯಿತು. ಹುಟ್ಟಿದ ನೆಲದ ಕಾಗದ ಕೈಗೆ ಬರಲು ಅವರು ಇಳಿವಯಸ್ಸಿನವರೆಗೆ ಕಾಯಬೇಕಾಯಿತು.

ಬ್ರಿಟನ್ನಿನ ಬಾಗಿಲು ಮುಚ್ಚಿದೆ

ಗೋವಾದಿಂದ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದವರಲ್ಲಿ ಬಹುತೇಕರ ಕಣ್ಣು ಇದ್ದದ್ದು ಪೋರ್ಚುಗಲ್ಲಿನ ಮೇಲಲ್ಲ, ಬ್ರಿಟನ್ನಿನ ಮೇಲೆ. ಯುರೋಪಿಯನ್ ಒಕ್ಕೂಟದ ಪ್ರಜೆಯಾಗಿ ವೀಸಾ ಇಲ್ಲದೆ ಅಲ್ಲಿಗೆ ಹೋಗಿ ದುಡಿಯಬಹುದಿತ್ತು. ಆದರೆ ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂತು. ಆ ವರ್ಷದ ಡಿಸೆಂಬರ್ 31ಕ್ಕೆ ಮುಕ್ತ ಪ್ರವೇಶ ಕೊನೆಗೊಂಡಿತು. ಅದಕ್ಕೆ ಮೊದಲೇ ಅಲ್ಲಿದ್ದವರು ನೆಲೆಸುವ ಹಕ್ಕಿಗೆ ಅರ್ಜಿ ಹಾಕಲು ಸಾಮಾನ್ಯ ಗಡುವು 2021ರ ಜೂನ್ 30 ಆಗಿತ್ತು. ಈಗ ಹೊಸದಾಗಿ ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಹೋಗುವವರಿಗೂ ಬ್ರಿಟನ್ನಿನಲ್ಲಿ ದುಡಿಯಲು ವೀಸಾ ಬೇಕು. ಅದೇ ವೀಸಾಕ್ಕೆ ಭಾರತದ ಪಾಸ್‌ಪೋರ್ಟಿನಲ್ಲಿಯೂ ಅರ್ಜಿ ಹಾಕಬಹುದು.

ಐರ್ಲೆಂಡ್, ಜರ್ಮನಿ, ಫ್ರಾನ್ಸ್ ಮೊದಲಾದ ಒಕ್ಕೂಟದ ದೇಶಗಳಲ್ಲಿ ಈ ಪಾಸ್‌ಪೋರ್ಟಿನ ಬೆಲೆ ಇಂದಿಗೂ ಇದೆ. ಭಾಷೆ ಕಲಿತು ಕೌಶಲ್ಯವಿರುವ ಯುವಕ ಯುವತಿಯರಿಗೆ ಅದು ದೊಡ್ಡ ಅವಕಾಶವೇ ಸರಿ. ಆದರೆ 2010ರ ಸುತ್ತಿನ ಕತೆ ಕೇಳಿ 2020ರ ನಂತರ ಸಾಲ ಮಾಡಿ ಹೊರಡುವವರು ಮೋಸ ಹೋಗುತ್ತಾರೆ. ಪೋರ್ಚುಗಲ್ಲಿನಲ್ಲಿಯೂ ಪೌರತ್ವದ ಕಾನೂನನ್ನು ಬಿಗಿಗೊಳಿಸುವ ಪ್ರಯತ್ನ ನಡೆದಿದೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಹೊಸ ತಿದ್ದುಪಡಿಯನ್ನು ಅಂಗೀಕರಿಸಿತು, ಡಿಸೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದರ ಕೆಲವು ಅಂಶಗಳನ್ನು ಒಪ್ಪಲಿಲ್ಲ. ನಿಯಮಗಳು ಅಲುಗಾಡುತ್ತಿರುವ ಇಂತಹ ಕಾಲದಲ್ಲಿ ನೆಂಟರ ಹಳೆಯ ಅನುಭವವನ್ನು ನಂಬುವುದಕ್ಕಿಂತ ಅಧಿಕೃತ ದೂತಾವಾಸ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಇನ್ನೊಬ್ಬರ ಆಯ್ಕೆಯನ್ನು ಹೀಗಳೆಯುವ ಉದ್ದೇಶ ನಮಗಿಲ್ಲ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಇಡೀ ದೇಶದಲ್ಲಿ 2022ರಲ್ಲಿ 2,25,620 ಮಂದಿ, 2024ರಲ್ಲಿ 2,06,378 ಮಂದಿ ಭಾರತದ ಪೌರತ್ವ ಬಿಟ್ಟಿದ್ದಾರೆ. ಎಲ್ಲ ಧರ್ಮದ, ಎಲ್ಲ ರಾಜ್ಯದ ಜನ ಅದರಲ್ಲಿದ್ದಾರೆ. ಗೋವಾ ಮೂಲದವರು ಮಾಡುವುದನ್ನು ಮಾತ್ರ ದೇಶಪ್ರೇಮದ ಕೊರತೆಯೆಂದು ಆಡಿಕೊಳ್ಳುವುದು ನ್ಯಾಯವಲ್ಲ. ಹೊಟ್ಟೆಪಾಡಿಗೆ ಮುಂಬಯಿ, ಕರಾಚಿ, ಆಫ್ರಿಕಾ, ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಮಕ್ಕಳು ನಾವು. ಹೋಗುವವರು ತಿಳಿದು ಹೋಗಲಿ ಎಂಬುದಷ್ಟೇ ನಮ್ಮ ಮಾತು.

ಚರ್ಚ್ ಕಚೇರಿಗಳ ಜವಾಬ್ದಾರಿ

ಗೋವಾದಲ್ಲಿ ಸಿವಿಲ್ ನೋಂದಣಿ 1914ರಿಂದ ನಡೆದುಬಂದಿದೆ. ಆದುದರಿಂದ ಅಲ್ಲಿ ಹುಟ್ಟಿದವರಿಗೆ ಸರ್ಕಾರದ ಪುಸ್ತಕವೇ ಮುಖ್ಯ ಆಧಾರ. ಆದರೂ ಹೆಸರು, ಮನೆಹೆಸರು, ದಿನಾಂಕಗಳಲ್ಲಿ ವ್ಯತ್ಯಾಸ ಬಂದಾಗ ಎಲ್ಲರೂ ಓಡಿಬರುವುದು ಚರ್ಚಿಗೆ. ಗೋವಾದ ಪುಸ್ತಕದಲ್ಲಿ ಫೆರ್ನಾಂದೆಸ್ ಎಂದಿರುವುದು ಇಲ್ಲಿನ ಶಾಲೆಯ ದಾಖಲೆಯಲ್ಲಿ ಫರ್ನಾಂಡಿಸ್ ಆಗಿರುತ್ತದೆ. ಮದುವೆಯ ನಂತರ ತಾಯಿಯ ಮನೆಹೆಸರು ಬದಲಾಗಿರುತ್ತದೆ. ಆಧಾರ್‌ನಲ್ಲಿ ಹುಟ್ಟಿದ ವರ್ಷ ಬೇರೆಯೇ ಇರುತ್ತದೆ. "ಫಾದರ್, ಒಂದಕ್ಷರ ಸರಿ ಮಾಡಿಕೊಡಿ" ಎಂದು ಕೇಳುವವರು ಕೆಟ್ಟವರಲ್ಲ, ಅವರಿಗೆ ಅದು ಸಣ್ಣ ಸಹಾಯವೆಂದು ಅನಿಸುತ್ತದೆ. ಆದರೆ ದೀಕ್ಷಾಸ್ನಾನದ ಪುಸ್ತಕದಲ್ಲಿ ಕೇಳಿದವರಿಗಾಗಿ ತಿದ್ದಿದ ಒಂದಕ್ಷರ ಆ ಪುಸ್ತಕದ ಉಳಿದ ಎಲ್ಲ ಪುಟಗಳನ್ನೂ ಸಂಶಯಕ್ಕೆ ಈಡುಮಾಡುತ್ತದೆ. ತಿದ್ದುಪಡಿ ನಿಜವಾಗಿಯೂ ಬೇಕಾದರೆ ಆಧಾರಪತ್ರಗಳೊಂದಿಗೆ, ಧರ್ಮಾಧ್ಯಕ್ಷರ ಕಚೇರಿಯ ಲಿಖಿತ ಅನುಮತಿಯೊಂದಿಗೆ ಅಂಚಿನ ಟಿಪ್ಪಣಿಯಾಗಿ ಬರೆಯುವುದೇ ಸರಿಯಾದ ಕ್ರಮ.

ಈ ಪುಸ್ತಕಗಳ ಬೆಲೆ ಈಗ ವಿದೇಶಕ್ಕೆ ಹೋಗುವವರಿಗೆ ಮಾತ್ರ ಸೀಮಿತವಲ್ಲ. 2025ರಲ್ಲಿ ಬಿಹಾರದಲ್ಲಿ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅದೇ ವರ್ಷದ ಅಕ್ಟೋಬರ್‌ನ ಘೋಷಣೆಯಂತೆ ಗೋವಾ, ಕೇರಳ ಮೊದಲಾದೆಡೆಗೆ ವಿಸ್ತರಿಸಿತು. ಬಿಹಾರದ ಆದೇಶದಲ್ಲಿ, ಹಳೆಯ ಪಟ್ಟಿಯಲ್ಲಿಲ್ಲದವರು 1987ರ ಜುಲೈ 1ರ ನಂತರ ಹುಟ್ಟಿದ್ದರೆ ತಂದೆ ಅಥವಾ ತಾಯಿಯ ದಾಖಲೆಯನ್ನೂ, 2004ರ ಡಿಸೆಂಬರ್ 2ರ ನಂತರ ಹುಟ್ಟಿದ್ದರೆ ಇಬ್ಬರ ದಾಖಲೆಯನ್ನೂ ಕೇಳಲಾಯಿತು. ಪೌರತ್ವ ಕಾಯ್ದೆಯ ಮೆಟ್ಟಿಲುಗಳೂ ಇವೇ. ನಮ್ಮ ಉದಾಹರಣೆಯ ಮಗ 1984ರಲ್ಲಿ ತೊಂಡೇಬಾವಿಯಲ್ಲಿ ಹುಟ್ಟಿದವನು, ಅವನಿಗೆ ಭಾರತದ ನೆಲದಲ್ಲಿ ಹುಟ್ಟಿದ್ದೇ ಸಾಕು. 1990ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ತಂಗಿಗೆ ತಂದೆ ಅಥವಾ ತಾಯಿ ಭಾರತದ ಪೌರರಾಗಿದ್ದರು ಎಂಬುದೂ ಬೇಕು. ಅಂದರೆ ತಂದೆತಾಯಿಯ ಕಾಗದ ಹೋಗುವವರಿಗೂ ಬೇಕು, ಉಳಿಯುವವರಿಗೂ ಬೇಕು.

ಆದುದರಿಂದ ಪಾಲನಾ ಮಂಡಳಿಗಳು ಮತ್ತು ವಾರ್ಡಿನ ಗುರಿಕಾರರು ಮುಂದೆ ನಿಂತು ಕೆಲವು ಕೆಲಸಗಳನ್ನು ಮಾಡಬಹುದು. ಪ್ರತಿ ಮನೆಯ ಹಿರಿಯರ ಜನನ, ಮದುವೆ ದಾಖಲೆಗಳು ಕ್ರಮವಾಗಿವೆಯೇ ಎಂದು ನೋಡಿಸಬಹುದು. ಪೋರ್ಚುಗೀಸ್ ಪೌರತ್ವಕ್ಕೆ ಹೊರಟ ಕುಟುಂಬದವರು ಏಜೆಂಟರಿಗೆ ಹಣ ಕೊಡುವ ಮೊದಲು ವಕೀಲರೊಬ್ಬರನ್ನು ಕಾಣುವಂತೆ ಹೇಳಬಹುದು. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಸಾಗರೋತ್ತರ ಕಾರ್ಡ್ ಮಾಡಿಸಿ, ಮತದಾರರ ಪಟ್ಟಿಯಿಂದ ಹೆಸರು ತೆಗೆಸುವುದು ಹೋಗುವವರ ಕರ್ತವ್ಯವೆಂದು ನೆನಪಿಸಬಹುದು.

ಕೊನೆಯದಾಗಿ ಮತ್ತೆ ಆ ತಾಯಿಯ ಮಾತು. ಮಕ್ಕಳ ಒಳ್ಳೆಯದಕ್ಕೆಂದು ಕಾಗದ ಮುಂದಿಟ್ಟರೆ ನಮ್ಮ ತಾಯಂದಿರು ಓದಿ ಸಹಿ ಹಾಕುವವರಲ್ಲ. ಕಾಣಕೋಣದಲ್ಲಿ ಹುಟ್ಟಿ, ಕಾರವಾರಕ್ಕೆ ಸೊಸೆಯಾಗಿ ಬಂದು, ತೊಂಡೇಬಾವಿಯ ರೈಲ್ವೆ ವಸತಿಗೃಹದಲ್ಲಿ ಮಕ್ಕಳನ್ನು ಸಾಕಿದವಳಿಗೆ ಆ ಸಹಿಯ ಅರ್ಥವನ್ನು ಅವಳ ಭಾಷೆಯಲ್ಲಿ, ಸಾವಧಾನವಾಗಿ, ಮಕ್ಕಳೇ ಕೂತು ಹೇಳಬೇಕು. "ಅಮ್ಮ, ಇದರಿಂದ ನನಗೆ ಇಂಥದ್ದು ಸಿಗುತ್ತದೆ. ನಿನಗೆ ಇಂಥ ತೊಂದರೆ ಬರಬಹುದು. ನಾನು ಹೋದ ಮೇಲೆ ನಿನ್ನನ್ನು ನೋಡಿಕೊಳ್ಳುವವರು ಇವರು." ಇಷ್ಟನ್ನು ಹೇಳಿದ ಮೇಲೂ ಆಕೆ ಸಹಿ ಹಾಕಿದರೆ ಅದು ಆಕೆಯ ಒಪ್ಪಿಗೆ. ಹೇಳದೆ ಹಾಕಿಸಿಕೊಂಡರೆ ಆಕೆ ಹುಟ್ಟಿದ ಊರನ್ನು ನಾವು ಆಕೆಗೇ ತಿಳಿಯದಂತೆ ಬಳಸಿಕೊಂಡಂತೆ.